ಕನ್ನಡಿ ಸುಳ್ಳು ಹೇಳುವುದೇ?

ಕಳೆದ ಶ್ರಾವಣ ಮಾಸದಲ್ಲಿ ನಾವು ಚನ್ನಪಟ್ಟಣದ ಬಂಧುಗಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಪೂಜೆ ಮುಗಿದು ಪ್ರಸಾದಕ್ಕೆ ಅಣಿಯಾಗುವ ವೇಳೆಗೆ ಬಾಳೆಯೆಲೆ ಸಾಲದೆಂದು ತಿಳಿದು, ನಮ್ಮ ತಮ್ಮನ ಮಗನನ್ನು ಸ್ಕೂಟರಿನಲ್ಲಿ ಪೇಟೆಗೆ ಕಳುಹಿಸಲಾಯಿತು. ಅರ್ಧ ಗಂಟೆಯ ನಂತರ ಹುಡುಗ ಮರಳಿದಾಗ ಅಂಗಿಯ ತೋಳು ಹರಿದಿತ್ತು. ಮೊಣಕೈಯಲ್ಲಿ ರಕ್ತ ಜಿನುಗುತ್ತಿತ್ತು. ಸ್ಕೂಟರಿನ ಬಲಗಡೆಯ ಕನ್ನಡಿ ಒಡೆದಿತ್ತು. ಬಲಕ್ಕೆ ತಿರುಗುವಾಗ ಹಿಂದಿನಿಂದ ಬಂದ ಲಾರಿಯೊಂದು ಸವರಿಕೊಂಡೇ ಮುಂದೆ ಹೋಗಿತ್ತು. ಗೇಣುದ್ದ ಹೆಚ್ಚುಕಡಿಮೆಯಾಗಿದ್ದರೆ ಮಂಗಳದ ಮನೆಯಲ್ಲಿ ಏನಾಗುತ್ತಿತ್ತೆಂಬುದನ್ನು ನೆನೆಯಲೂ ಮನಸ್ಸು ಬಾರದು.

“ನೋಡಿಕೊಂಡು ತಿರುಗಿಸಬಾರದೇನೋ?” ಎಂದು ಅವನ ಅಜ್ಜಿ ಗದರಿದರು.

“ನೋಡಿಯೇ ತಿರುಗಿಸಿದೆ ಅಜ್ಜಿ. ಕನ್ನಡಿಯಲ್ಲಿ ಲಾರಿ ಬಹಳ ದೂರ ಇತ್ತು” ಎಂದು ಹುಡುಗ ತಲೆ ತಗ್ಗಿಸಿ ನುಡಿದ.

ಆ ಹುಡುಗ ಸುಳ್ಳಾಡುವವನಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಕನ್ನಡಿಯೇ? ವಿಚಾರಿಸಿದಾಗ ತಿಳಿದ ಸಂಗತಿಯೆಂದರೆ, ಹತ್ತನೆಯ ತರಗತಿಯಲ್ಲಿ ಇದೇ ಬಗೆಯ ಕನ್ನಡಿಯ ಚಿತ್ರವನ್ನು ಅಂದವಾಗಿ ಬರೆದು ಅವನು ಪೂರ್ಣ ಅಂಕಗಳನ್ನು ಪಡೆದಿದ್ದನು. ಪಾಠ ಪುಸ್ತಕದಲ್ಲಿ ಉಳಿಯಿತು. ಕನ್ನಡಿ ಸ್ಕೂಟರಿನಲ್ಲಿ ಉಳಿಯಿತು. ಎರಡೂ ಒಂದೇ ಎಂಬ ಅರಿವು ಮಾತ್ರ ಮೂಡಲಿಲ್ಲ. ಅಂದು ಮಧ್ಯಾಹ್ನ ಊಟವಾದ ಮೇಲೆ ಮನೆಯ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಉಡುಗೊರೆಯಾಗಿ ಬಂದಿದ್ದ ಹೊಸ ಸ್ಟೀಲಿನ ಸೌಟೊಂದನ್ನು ಹಿಡಿದು ನಾವು ಆಡಿದ ಮಾತುಗಳನ್ನೇ ನಮ್ಮ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಕನ್ನಡಿಯೊಳಗಿನ ಗಂಟು

ಕೈಗೆ ಎಟುಕದ ಸಂಪತ್ತನ್ನು ನಮ್ಮ ಹಿರಿಯರು ‘ಕನ್ನಡಿಯೊಳಗಿನ ಗಂಟು’ ಎಂದರು. ಈ ಚಿಕ್ಕ ಮಾತಿನಲ್ಲಿ ಬೆಳಕಿನ ಶಾಸ್ತ್ರದ ಒಂದು ದೊಡ್ಡ ತತ್ತ್ವವೇ ಅಡಗಿದೆ. ಕನ್ನಡಿಯ ಮುಂದೆ ಇಟ್ಟ ಗಂಟಿನಿಂದ ಹೊರಟ ಬೆಳಕು ಕನ್ನಡಿಗೆ ತಾಗಿ ಹಿಂದಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಕೇರಂ ಹಲಗೆಯ ಅಂಚಿಗೆ ಓರೆಯಾಗಿ ಹೊಡೆದ ಸ್ಟ್ರೈಕರು ಎಷ್ಟು ಓರೆಯಲ್ಲಿ ಬಡಿಯಿತೋ ಸರಿಸುಮಾರು ಅಷ್ಟೇ ಓರೆಯಲ್ಲಿ ಹಿಂದಿರುಗುವುದನ್ನು ಮಕ್ಕಳೆಲ್ಲ ಬಲ್ಲರು. ಬೆಳಕಿನ ಮಟ್ಟಿಗೆ ಈ ನಿಯಮ ಕರಾರುವಾಕ್ಕಾದದ್ದು. ಪತನ ಕೋನವೂ ಪ್ರತಿಫಲನ ಕೋನವೂ ಸದಾ ಸಮ.

ಆದರೆ ದಾರಿಯಲ್ಲಿ ಬೆಳಕು ತಿರುಗಿ ಬಂದಿತೆಂಬುದು ಕಣ್ಣಿಗೆ ತಿಳಿಯದು. ಬೆಳಕು ನೇರವಾಗಿಯೇ ಬಂದಿತೆಂದು ಭಾವಿಸಿ, ಅದು ಬಂದ ದಿಕ್ಕಿನಲ್ಲೇ ಗೆರೆಯನ್ನು ಹಿಂದಕ್ಕೆ ಎಳೆದು, ಕನ್ನಡಿಯ ಹಿಂದೆ ಗಂಟೊಂದಿದೆ ಎಂದು ತೀರ್ಮಾನಿಸುತ್ತದೆ. ಅಲ್ಲಿ ಇರುವುದು ಗೋಡೆ ಮಾತ್ರ. ಇಂತಹ ಬಿಂಬಕ್ಕೆ ಮಿಥ್ಯ ಪ್ರತಿಬಿಂಬವೆಂದು ಹೆಸರು. ಗೋಡೆಯ ಮೇಲಿನ ಚಪ್ಪಟೆ ಕನ್ನಡಿಯಲ್ಲಿ ಈ ಮಿಥ್ಯ ಪ್ರತಿಬಿಂಬವು ಗಂಟಿನಷ್ಟೇ ದೊಡ್ಡದಾಗಿ, ಗಂಟು ಕನ್ನಡಿಯಿಂದ ಎಷ್ಟು ಮುಂದಿದೆಯೋ ಅಷ್ಟೇ ಹಿಂದೆ ಇರುವಂತೆ ಕಾಣುತ್ತದೆ. ಆದುದರಿಂದಲೇ ಚಪ್ಪಟೆ ಕನ್ನಡಿಯನ್ನು ನಂಬಿ ನಾವು ಹಣೆಗೆ ವಿಭೂತಿ ಧರಿಸುತ್ತೇವೆ, ಕ್ರಾಪು ತೀಡುತ್ತೇವೆ, ಮೋಸ ಹೋಗುವುದಿಲ್ಲ.

ಉಬ್ಬು ಮತ್ತು ತಗ್ಗು

ಕನ್ನಡಿ ಬಾಗಿದರೆ ಲೆಕ್ಕ ಬದಲಾಗುತ್ತದೆ. ಬೆಳಕಿನ ನಿಯಮವೇನೋ ಅದೇ. ಬಾಗಿದ ಕನ್ನಡಿಯೆಂದರೆ ಒಂದರ ಪಕ್ಕದಲ್ಲೊಂದು, ಪ್ರತಿಯೊಂದೂ ಸ್ವಲ್ಪ ಬೇರೆ ದಿಕ್ಕಿಗೆ ಮುಖಮಾಡಿದ, ಲೆಕ್ಕವಿಲ್ಲದಷ್ಟು ಪುಟ್ಟ ಚಪ್ಪಟೆ ಕನ್ನಡಿಗಳ ಜೋಡಣೆಯೆಂದೇ ತಿಳಿಯಬಹುದು. ಪ್ರತಿ ತುಣುಕೂ ತನಗೆ ತಾಗಿದ ಬೆಳಕನ್ನು ನಿಯಮದಂತೆಯೇ ಹಿಂದಿರುಗಿಸುತ್ತದೆ. ಆದರೆ ತುಣುಕುಗಳ ಮುಖ ಬೇರೆಬೇರೆಯಾದ್ದರಿಂದ ಹಿಂದಿರುಗಿದ ಕಿರಣಗಳು ಒಂದೆಡೆ ಕೂಡುತ್ತವೆ, ಇಲ್ಲವೇ ಚದುರಿ ಹೋಗುತ್ತವೆ.

ಮಾಗಡಿ ಸೀಮೆಯ ಸಾವನದುರ್ಗವನ್ನು ನೋಡಿದವರಿಗೆ ಉಬ್ಬು ಎಂದರೇನೆಂದು ವಿವರಿಸಬೇಕಿಲ್ಲ. ಆ ಬೃಹತ್ ಏಕಶಿಲೆಯ ಬೆನ್ನಿನಂತೆ ಹೊಳೆಯುವ ಮೈ ಹೊರಕ್ಕೆ ಉಬ್ಬಿದ್ದರೆ ಅದು ಪೀನ ದರ್ಪಣ, ಅಂದರೆ ಉಬ್ಬುಗನ್ನಡಿ. ನೀರು ಬತ್ತಿದ ಕೆರೆಯಂಗಳದಂತೆ ಹೊಳೆಯುವ ಮೈ ಒಳಕ್ಕೆ ತಗ್ಗಿದ್ದರೆ ಅದು ನಿಮ್ನ ದರ್ಪಣ, ಅಂದರೆ ತಗ್ಗುಗನ್ನಡಿ. ಹೊಸ ಸೌಟಿನ ಹೊರಮೈ ಪೀನ, ಒಳಮೈ ನಿಮ್ನ.

ಚನ್ನಪಟ್ಟಣದ ಗೊಂಬೆಗಳು ಯಾರ ಮನೆಯಲ್ಲಿಲ್ಲ? ಹಾಲೆಮರದ ತುಂಡನ್ನು ಕಡೆತದ ಯಂತ್ರದಲ್ಲಿ ತಿರುಗಿಸಿ, ಬಣ್ಣದ ಅರಗನ್ನು ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಆ ಕುಶಲಕರ್ಮಿಗಳು ತರುವ ಹೊಳಪು ಜಗತ್ಪ್ರಸಿದ್ಧ. ಅಂದು ಮಕ್ಕಳ ಕೈಯಲ್ಲಿದ್ದ ಗುಂಡು ತಲೆಯ ಗೊಂಬೆಯೊಂದನ್ನು ಕಿಟಕಿಯ ಎದುರು ಹಿಡಿದೆವು. ಕೆಂಪು ಅರಗಿನ ಮೇಲೆ ಎಳ್ಳುಕಾಳಿನಷ್ಟು ಪುಟ್ಟದಾದ, ಆದರೆ ನೆಟ್ಟಗೆ ನಿಂತ, ಇಡೀ ಕಿಟಕಿಯೇ ಮಿನುಗುತ್ತಿತ್ತು. ಗೊಂಬೆಯನ್ನು ಹೇಗೆ ತಿರುಗಿಸಿದರೂ ಆ ಕಿಟಕಿ ಅಲ್ಲಿಯೇ ಇತ್ತು. ದೊಡ್ಡದನ್ನು ಚಿಕ್ಕದಾಗಿಸಿ, ವಿಶಾಲವಾದುದನ್ನು ತನ್ನೊಳಗೆ ಅಡಗಿಸಿಕೊಳ್ಳುವುದೇ ಉಬ್ಬುಗನ್ನಡಿಯ ಸ್ವಭಾವ. ಈ ಸ್ವಭಾವವೇ ಅದರ ಗುಣ. ಅಪಾಯವೂ ಅದರಲ್ಲಿಯೇ ಇದೆ.

ಕಿರಣಗಳ ಸಂಗಮ

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸ್ಥಳಕ್ಕೆ ಸಂಗಮವೆಂದು ಹೆಸರು. ಮೇಕೆದಾಟಿಗೆ ಹೋಗುವವರೆಲ್ಲರೂ ಅದನ್ನು ಕಂಡಿದ್ದಾರೆ. ಇನ್ನು ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಂತೂ ನಮ್ಮೆಲ್ಲರ ಮನಸ್ಸಿನಲ್ಲಿಯೇ ನೆಲೆಸಿದೆ. ಕನ್ನಡದ ವಿಜ್ಞಾನ ಪಠ್ಯಗಳನ್ನು ಬರೆದ ಮಹನೀಯರು ತಗ್ಗುಗನ್ನಡಿಯಲ್ಲಿ ಬೆಳಕಿನ ಕಿರಣಗಳು ಕೂಡುವ ಬಿಂದುವಿಗೂ ಸಂಗಮವೆಂಬ ಇದೇ ಹೆಸರನ್ನಿಟ್ಟಿರುವುದು ಎಷ್ಟು ಔಚಿತ್ಯಪೂರ್ಣ!

ಬಹು ದೂರದ ಸೂರ್ಯನಿಂದ ಬರುವ ಕಿರಣಗಳು ಒಂದಕ್ಕೊಂದು ಸಮಾಂತರವಾಗಿರುತ್ತವೆ. ಅವು ತಗ್ಗುಗನ್ನಡಿಗೆ ನೇರವಾಗಿ ಬಿದ್ದಾಗ ಪ್ರತಿಫಲಿಸಿ ಅದರ ಮುಂದಿರುವ ಒಂದು ಬಿಂದುವಿನಲ್ಲಿ ಕೂಡುತ್ತವೆ. ಕನ್ನಡಿಯು ಯಾವ ಗೋಲದ ಹೋಳೋ ಆ ಗೋಲದ ನಡುವಿಗೆ ವಕ್ರತಾ ಕೇಂದ್ರವೆಂದು ಹೆಸರು. ಸಂಗಮಬಿಂದುವು ಕನ್ನಡಿಗೂ ವಕ್ರತಾ ಕೇಂದ್ರಕ್ಕೂ ಸರಿಯಾಗಿ ಮಧ್ಯದಲ್ಲಿರುತ್ತದೆ. ಇವೆರಡು ಸ್ಥಳಗಳನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲವೂ ಸುಲಭ.

ಕೆಲವರು ಕ್ಷೌರಕ್ಕೆ ಬಳಸುವ, ಮುಖವನ್ನು ದೊಡ್ಡದಾಗಿ ತೋರುವ ಕನ್ನಡಿಯನ್ನು ತೆಗೆದುಕೊಳ್ಳಿ. ಅದರ ವಕ್ರತಾ ಕೇಂದ್ರ 1 ಮೀಟರ್ ದೂರದಲ್ಲಿಯೂ, ಸಂಗಮ 50 ಸೆಂಟಿಮೀಟರ್ ದೂರದಲ್ಲಿಯೂ ಇದೆಯೆಂದುಕೊಳ್ಳೋಣ. ಮುಖವನ್ನು 25 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಎರಡು ಪಟ್ಟು ದೊಡ್ಡದಾದ, ನೆಟ್ಟಗಿನ ಮುಖ ಕನ್ನಡಿಯ ಹಿಂದೆ ಕಾಣುತ್ತದೆ. ಇದೂ ಮಿಥ್ಯವೇ. ಮೆಲ್ಲಗೆ ಹಿಂದೆ ಸರಿಯುತ್ತ ಬನ್ನಿ. ಮುಖ ಹಿಗ್ಗುತ್ತ ಹೋಗಿ, ಸಂಗಮದ ಬಳಿ ಬಂದಾಗ ಕಲಸಿಹೋಗುತ್ತದೆ. 1 ಮೀಟರನ್ನು ಚೆನ್ನಾಗಿ ದಾಟಿದ ಮೇಲೆ ನೋಡಿದರೆ ಮುಖ ಚಿಕ್ಕದಾಗಿದೆ, ಮಾತ್ರವಲ್ಲ, ತಲೆಕೆಳಗಾಗಿದೆ! ಸೌಟಿನ ಒಳಮೈಯಲ್ಲಿ ಮುಖ ಸದಾ ತಲೆಕೆಳಗಾಗಿ ಕಾಣುವುದಕ್ಕೂ ಇದೇ ಕಾರಣ. ಸೌಟಿನ ಸಂಗಮವು ಅದರ ತಳಕ್ಕೆ ಬಹಳ ಸಮೀಪ, ಒಂದೆರಡು ಬೆರಳಿನಷ್ಟು ಅಂತರದಲ್ಲಿದೆ. ಮುಖವನ್ನು ಅದರೊಳಗೆ ತರಲಾಗದು.

ಈಗ ಇನ್ನೊಂದು ಸೋಜಿಗ. ಅದೇ ಕನ್ನಡಿಯನ್ನು ಮಬ್ಬುಬೆಳಕಿನ ಕೋಣೆಯಲ್ಲಿ ಕಿಟಕಿಯ ಎದುರು ಹಿಡಿದು, ಕನ್ನಡಿಯ ಮುಂದೆ ಸ್ವಲ್ಪ ಪಕ್ಕಕ್ಕೆ ಬಿಳಿಯ ಕಾಗದವನ್ನು ಹಿಂದೆ ಮುಂದೆ ಸರಿಸಿ. ಒಂದು ಸ್ಥಳದಲ್ಲಿ ಹೊರಗಿನ ತೆಂಗಿನಮರ, ಆಕಾಶ, ಎದುರುಮನೆ ಎಲ್ಲವೂ ಬಣ್ಣಬಣ್ಣವಾಗಿ, ತಲೆಕೆಳಗಾಗಿ ಕಾಗದದ ಮೇಲೆ ಮೂಡುತ್ತವೆ. ಇಲ್ಲಿ ಬೆಳಕು ನಿಜವಾಗಿಯೂ ಬಂದು ಕೂಡಿದೆ. ಇದೇ ಸತ್ಯ ಪ್ರತಿಬಿಂಬ. ಹಿರಿಯರ ಗಾದೆಗೆ ಇದೊಂದೇ ಅಪವಾದವೆನ್ನಬಹುದು. ತಗ್ಗುಗನ್ನಡಿಯ ಗಂಟನ್ನು ಹೊರಗೆ ತೆಗೆದು ಕಾಗದದ ಮೇಲೆ ಇಡಬಹುದು.

ಸಂಗಮದ ಉಪಕಾರ

ತಗ್ಗುಗನ್ನಡಿಯ ಈ ಗುಣವನ್ನು ಮಾನವ ಹಲವು ಬಗೆಯಲ್ಲಿ ದುಡಿಸಿಕೊಂಡಿದ್ದಾನೆ. ಹಲ್ಲಿನ ವೈದ್ಯರು ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿ ಹಲವು ವೇಳೆ ಹಲ್ಲನ್ನು ಹಿಗ್ಗಿಸಿ ತೋರುವ ನಿಮ್ನ ದರ್ಪಣವೇ. ಟಾರ್ಚಿನಲ್ಲಿ ಬಲ್ಬನ್ನು ಸಂಗಮದಲ್ಲಿಟ್ಟಿರುವುದರಿಂದ ಬೆಳಕು ಚದುರದೆ ನೇರ ಕೋಲಾಗಿ ಹೊರಡುತ್ತದೆ. ಸೂರ್ಯಕಿರಣದ ದಾರಿಯನ್ನೇ ಇಲ್ಲಿ ಹಿಂದುಮುಂದಾಗಿಸಿದೆ. ಮಾಳಿಗೆಯ ಮೇಲಿನ ಟಿ.ವಿ. ಡಿಶ್ ಕೂಡ ಆಕಾಶದಿಂದ ಬರುವ ರೇಡಿಯೋ ಅಲೆಗಳಿಗೆ ತಗ್ಗುಗನ್ನಡಿಯೇ. ಅದರ ಮುಂದೆ ಚಾಚಿದ ತೋಳಿನ ತುದಿಯ ಪೆಟ್ಟಿಗೆ ಇರುವುದು ಸಂಗಮದಲ್ಲಿ. ಗೋಲದಿಂದ ಕತ್ತರಿಸಿದ ಅಗಲವಾದ ಕನ್ನಡಿಯಲ್ಲಿ ಅಂಚಿನ ಕಿರಣಗಳು ನಡುವಿನ ಕಿರಣಗಳೊಡನೆ ಒಂದೇ ಬಿಂದುವಿಗೆ ಬಾರವು. ಈ ಕೊರತೆಯನ್ನು ನೀಗಲು ಇಂತಹ ಕಡೆ ಪರವಲಯವೆಂಬ ವಿಶೇಷ ಬಾಗನ್ನು ಕೊಡುತ್ತಾರೆ.

1668ರಲ್ಲಿ ನ್ಯೂಟನ್ ಮಹಾಶಯನು ತಗ್ಗುಗನ್ನಡಿಯಿಂದ ದೂರದರ್ಶಕವನ್ನು ರಚಿಸಿದನು. ಅದೇ ತತ್ತ್ವದ 2.34 ಮೀಟರ್ ಅಗಲದ ಕನ್ನಡಿಯನ್ನು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಉಜ್ಜಿ ನಯಗೊಳಿಸಿ, ತಮಿಳುನಾಡಿನ ಕಾವಲೂರಿನಲ್ಲಿ ಸ್ಥಾಪಿಸಿದರು. 1986ರಿಂದ ಅದು ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರನ್ನು ಹೊತ್ತಿದೆ.

ನಮ್ಮ ಓದುಗರಿಗೆ ಇನ್ನೂ ಹತ್ತಿರವಾದುದು ಅಡಿಗೆಯ ವಿಷಯ. ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು ಜನಿಸಿದ್ದು ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ದಾಸೋಹದ ಒಲೆಗೆ ಎಷ್ಟು ಸೌದೆ ಬೇಕೆಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಿರುಮಲೆಯಲ್ಲಿ 2002ರಲ್ಲಿ 106 ತಗ್ಗು ತಟ್ಟೆಗಳನ್ನೂ, ಶಿರಡಿಯಲ್ಲಿ 2009ರಲ್ಲಿ 73 ತಟ್ಟೆಗಳನ್ನೂ ಸೂರ್ಯನತ್ತ ತಿರುಗಿಸಿ ನಿಲ್ಲಿಸಲಾಯಿತು. ಇಂತಹ ತಟ್ಟೆಗಳು ಬಿಸಿಲನ್ನು ಸಂಗಮದಲ್ಲಿ ಕೂಡಿಸಿ ನೀರನ್ನು ಹಬೆಯಾಗಿಸುತ್ತವೆ. ಆ ಹಬೆ ಕೊಳವೆಗಳ ಮೂಲಕ ಅಡಿಗೆಮನೆಗೆ ಹರಿದು ಅನ್ನ ಬೇಯಿಸುತ್ತದೆ. ಬಿಸಿಲಿಗೆ ಬರವಿಲ್ಲದ ನಮ್ಮ ನಾಡಿನ ಸಂಸ್ಥೆಗಳು ಚಿಂತಿಸಬೇಕಾದ ವಿಷಯವಿದು.

ಉಪಕಾರಿಯಾದುದು ಎಚ್ಚರ ತಪ್ಪಿದರೆ ಅಪಕಾರಿಯೂ ಆದೀತು. ಮುಖವನ್ನು ದೊಡ್ಡದಾಗಿ ತೋರುವ ಕನ್ನಡಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಅದು ಕೂಡಿಸಿದ ಬಿಸಿಲು ಪರದೆಗೋ ಹಾಸಿಗೆಗೋ ಬೆಂಕಿ ಹಚ್ಚಿದ ಪ್ರಸಂಗಗಳುಂಟು. ಮಕ್ಕಳು ಅದರಲ್ಲಿ ಸೂರ್ಯನನ್ನು ನೋಡದಂತೆಯೂ ಕಾಯಬೇಕು. ಕಣ್ಣಿಗೆ ಆಗುವ ಹಾನಿ ಮರಳಿ ಸರಿಯಾಗದಿರಬಹುದು.

ಲಾರಿ ದೂರ ಕಂಡದ್ದೇಕೆ?

ಈಗ ಹುಡುಗನ ಸ್ಕೂಟರಿಗೆ ಮರಳೋಣ. ಸ್ಕೂಟರಿನ ಪಕ್ಕಗನ್ನಡಿಗಳು, ಕಾರಿನ ಎಡಗಡೆಯ ಹೊರಗನ್ನಡಿ, ರಸ್ತೆಯ ಕುರುಡು ತಿರುವುಗಳಲ್ಲಿ ಕಂಬಕ್ಕೆ ಹಾಕುವ ದುಂಡು ಕನ್ನಡಿ, ಇವು ಸಾಮಾನ್ಯವಾಗಿ ಉಬ್ಬುಗನ್ನಡಿಗಳು. ಇವುಗಳ ಮೇಲೆ ಬಿದ್ದ ಕಿರಣಗಳು ಕೂಡುವುದಿಲ್ಲ, ಚದುರುತ್ತವೆ. ಆದುದರಿಂದ ಬಿಂಬವು ಎಂದಿಗೂ ಮಿಥ್ಯ, ಎಂದಿಗೂ ನೆಟ್ಟಗೆ, ಎಂದಿಗೂ ಚಿಕ್ಕದು. ಚಪ್ಪಟೆ ಕನ್ನಡಿ ರಸ್ತೆಯ ಒಂದು ಓಣಿಯನ್ನಷ್ಟೇ ತೋರಿದರೆ ಅಷ್ಟೇ ಅಗಲದ ಉಬ್ಬುಗನ್ನಡಿ ಇಡೀ ರಸ್ತೆಯನ್ನು ತೋರುತ್ತದೆ. ಅದನ್ನು ವಾಹನಕ್ಕೆ ಹಾಕಿರುವುದು ಇದೇ ಉಪಕಾರಕ್ಕಾಗಿ. ಆದರೆ ಇಡೀ ರಸ್ತೆಯನ್ನು ಅಂಗೈಯಷ್ಟು ಜಾಗದಲ್ಲಿ ಅಡಗಿಸಬೇಕಾದರೆ ಲಾರಿಯನ್ನೂ ಕುಗ್ಗಿಸಲೇಬೇಕಲ್ಲವೇ?

ಒಂದು ಲೆಕ್ಕ ಮಾಡಿ ನೋಡೋಣ. ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್, ಅಂದರೆ ಸಂಗಮದೂರ 60 ಸೆಂಟಿಮೀಟರ್. ಹಿಂದೆ 30 ಮೀಟರ್ ದೂರದಲ್ಲಿ 3 ಮೀಟರ್ ಎತ್ತರದ ಲಾರಿಯಿದೆ. ಕನ್ನಡಿಯ ಸೂತ್ರದಂತೆ ಲಾರಿಯ ಬಿಂಬವು ಕನ್ನಡಿಯ ಹಿಂದೆ ಸುಮಾರು 59 ಸೆಂಟಿಮೀಟರ್ ದೂರದಲ್ಲಿ, ಬರಿಯ 6 ಸೆಂಟಿಮೀಟರಿನಷ್ಟು ಎತ್ತರವಾಗಿ ಮೂಡುತ್ತದೆ. ನಮ್ಮ ಕಣ್ಣು ಕನ್ನಡಿಯಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ, ಆ ಪುಟ್ಟ ಲಾರಿ ಕಣ್ಣಿಗೆ ಎಷ್ಟು ದೊಡ್ಡದಾಗಿ ತೋರುವುದೋ, ನಿಜವಾದ ಲಾರಿ ಅಷ್ಟು ದೊಡ್ಡದಾಗಿ ತೋರಬೇಕಾದರೆ ಅದು ಸುಮಾರು 65 ಮೀಟರ್ ದೂರದಲ್ಲಿರಬೇಕು!

ಇಲ್ಲಿಯೇ ಮನಸ್ಸು ಮೋಸ ಹೋಗುತ್ತದೆ. ಲಾರಿ ಎಷ್ಟು ದೊಡ್ಡದೆಂಬುದನ್ನು ಮನಸ್ಸು ಅನುಭವದಿಂದ ಬಲ್ಲದು. ಅದು ಚಿಕ್ಕದಾಗಿ ಕಂಡರೆ, ‘ಚಿಕ್ಕದಾಗಿದೆ’ ಎನ್ನದೆ ‘ದೂರದಲ್ಲಿದೆ’ ಎನ್ನುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ತಿರುಗಲೆಂದು ಬಹುತೇಕ ನಿಂತೇ ಇರುವ ಸವಾರನು 65 ಮೀಟರ್ ಅಂತರವಿದೆ, ಸುಮಾರು 3 ಸೆಕೆಂಡು ಅವಕಾಶವಿದೆ ಎಂದುಕೊಳ್ಳುತ್ತಾನೆ. ನಿಜವಾಗಿ ಅವನಿಗಿರುವುದು 1 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ಹುಡುಗನಿಗೆ ಆದದ್ದು ಇದೇ. ಕನ್ನಡಿ ತನ್ನ ಆಕಾರಕ್ಕೆ ತಕ್ಕ ಸತ್ಯವನ್ನೇ ಹೇಳಿತು. ಅದರ ಭಾಷೆ ಅವನಿಗೆ ಅರ್ಥವಾಗಲಿಲ್ಲ. ಕಾರಿನ ಪಕ್ಕಗನ್ನಡಿಯ ಮೇಲೆ, ಕನ್ನಡಿಯಲ್ಲಿ ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಅರ್ಥದ ಬರಹವನ್ನು ಕೊರೆಯುವುದು ಈ ಭಾಷೆಯನ್ನು ತಿಳಿಸಲೆಂದೇ. ಸ್ಕೂಟರಿನ ಪುಟ್ಟ ಕನ್ನಡಿಯ ಮೇಲೆ ಆ ಬರಹ ಕಾಣದಿದ್ದರೂ ನಿಯಮವಂತೂ ಅದೇ.

ನಮ್ಮ ದಾರಿಗಳಲ್ಲಿ

2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ನಮ್ಮ ಈ ಸೀಮೆಯ ದಾರಿಗಳು ಹಿಂದಿನಂತಿಲ್ಲ. ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿ ಹಾದುಹೋಗುವ ಬೆಂಗಳೂರು ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಹಾಗೆಂದ ಮಾತ್ರಕ್ಕೆ ಊರೊಳಗಿನ ರಸ್ತೆ, ಪಕ್ಕದ ರಸ್ತೆಗಳು ನಿರಪಾಯವಾದವೆಂದು ತಿಳಿಯಬಾರದು. ಕನಕಪುರದಿಂದ ಸಂಗಮಕ್ಕೆ ಇಳಿಯುವ ದಾರಿಯಲ್ಲಿ, ಮಾಗಡಿಯ ಬೆಟ್ಟಗುಡ್ಡಗಳ ನಡುವಿನ ತಿರುವುಗಳಲ್ಲಿ ರೇಷ್ಮೆಗೂಡಿನ ಚೀಲ, ಹಾಲಿನ ಕ್ಯಾನು ಹೊತ್ತ ದ್ವಿಚಕ್ರ ವಾಹನಗಳು ಪ್ರತಿದಿನ ಓಡಾಡುತ್ತವೆ. ಅವುಗಳ ಮೇಲೆ ಕುಳಿತವರು ನಮ್ಮ ಮನೆಯವರೇ.

ಆದುದರಿಂದ ಮನೆಯ ಹಿರಿಯರು ಮಕ್ಕಳಿಗೆ ಕೆಲವು ಮಾತುಗಳನ್ನು ತಪ್ಪದೆ ಹೇಳಬೇಕು. ಕನ್ನಡಿಯನ್ನು ಅಂದಕ್ಕಾಗಿ ಕಿತ್ತು ಹಾಕುವುದೂ, ಒಳಕ್ಕೆ ಮಡಿಸಿ ಓಡಿಸುವುದೂ ಸಲ್ಲದು; 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕನ್ನಡಿಯನ್ನು ಕಡ್ಡಾಯಗೊಳಿಸಿವೆ. ಉಬ್ಬುಗನ್ನಡಿಯನ್ನು ‘ಹಿಂದೆ ಯಾರಾದರೂ ಇದ್ದಾರೆಯೇ?’ ಎಂದು ಕೇಳಿ, ‘ಎಷ್ಟು ದೂರದಲ್ಲಿದ್ದಾರೆ?’ ಎಂದು ಕೇಳಬೇಡಿ. ಮೊದಲನೆಯ ಪ್ರಶ್ನೆಗೆ ಅದು ಬಲ್ಲಿದ. ಎರಡನೆಯದಕ್ಕೆ ಅದರ ಉತ್ತರ ನಮ್ಮನ್ನು ದಾರಿತಪ್ಪಿಸುತ್ತದೆ. ದೂರವನ್ನು ಅರಿಯಲು ವೇಗ ತಗ್ಗಿಸಿ, ಸೂಚಕ ದೀಪ ಹಾಕಿ, ಭುಜದ ಮೇಲಿಂದ ಒಮ್ಮೆ ಕತ್ತು ಹೊರಳಿಸಿ ಕಣ್ಣಾರೆ ನೋಡಬೇಕು. ಕಾರಿನಲ್ಲಿಯಾದರೆ ಒಳಗಿನ ಚಪ್ಪಟೆ ಕನ್ನಡಿಯೊಡನೆ ಹೋಲಿಸಿ ನೋಡಬಹುದು. ತಿರುವಿನ ದುಂಡು ಕನ್ನಡಿಯಲ್ಲಿ ಸಾಸಿವೆಯಷ್ಟು ವಾಹನ ಕಂಡರೂ ಅದು ಹತ್ತಿರದಲ್ಲಿದೆಯೆಂದೇ ತಿಳಿದು ನಿಲ್ಲಬೇಕು.

ಇದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ನಿಂತ ಸ್ಕೂಟರಿನ ಮೇಲೆ ಮಗನನ್ನು ಕೂರಿಸಿ, ತಾವು ಹಿಂದೆ ಇಪ್ಪತ್ತು ಹೆಜ್ಜೆ ದೂರ ನಿಂತು, “ನಾನು ಎಷ್ಟು ದೂರದಲ್ಲಿದ್ದೇನೆ, ಕನ್ನಡಿ ನೋಡಿ ಹೇಳು” ಎಂದು ಕೇಳಿ. ಅವನು ಹೇಳಿದ ಮೇಲೆ ತಿರುಗಿ ನೋಡಲು ಹೇಳಿ. ಆ ಕ್ಷಣದಲ್ಲಿ ಅವನ ಮುಖದಲ್ಲಿ ಮೂಡುವ ಅಚ್ಚರಿ ಹತ್ತು ಪಾಠಗಳಿಗೆ ಸಮ. ಅಂದು ಚನ್ನಪಟ್ಟಣದಲ್ಲಿ ನಾವೂ ಹಾಗೆಯೇ ಮಾಡಿದೆವು. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗ, ಉಳಿದಿದ್ದ ಎಡಗನ್ನಡಿಯಲ್ಲಿ ನೋಡಿ, “ದೊಡ್ಡಪ್ಪ, ನೀವು ಬೀದಿಯ ಕೊನೆಯಲ್ಲಿದ್ದೀರಿ” ಎಂದ. ತಿರುಗಿ ನೋಡಿದಾಗ ನಾವು ತುಳಸಿಕಟ್ಟೆಯ ಪಕ್ಕದ ಮನೆಯ ಬಾಗಿಲಲ್ಲೇ ನಿಂತಿದ್ದೆವು. ಅವನ ಅಜ್ಜಿಯೂ ಒಮ್ಮೆ ನೋಡಿ, “ಅಯ್ಯೋ, ಇದನ್ನು ನಂಬಿಕೊಂಡು ತಿರುಗುತ್ತೀರೇನಪ್ಪ!” ಎಂದು ಬೆರಗಾದರು.

ಹುಡುಗ ಮಾರನೆಯ ದಿನವೇ ಒಡೆದ ಕನ್ನಡಿಯನ್ನು ಬದಲಾಯಿಸಿದನು. ಈಗ ತಿರುಗುವ ಮುನ್ನ ಕತ್ತು ಹೊರಳಿಸಿ ನೋಡುತ್ತಾನೆಂದು ಅವನ ತಾಯಿ ಹೇಳುತ್ತಾರೆ. ಪುಸ್ತಕದಲ್ಲಿದ್ದ ಅರಿವು ಆಚಾರಕ್ಕೆ ಇಳಿಯಲು ಒಂದು ಕನ್ನಡಿ ಒಡೆಯಬೇಕಾಯಿತು. ನಮ್ಮ ಓದುಗರ ಮನೆಗಳಲ್ಲಿ ಅಷ್ಟೂ ಆಗದೆ, ಒಂದು ಸೌಟು, ಒಂದು ಗೊಂಬೆ, ಅಂಗಳದ ಇಪ್ಪತ್ತು ಹೆಜ್ಜೆಗಳಲ್ಲಿಯೇ ಈ ಪಾಠ ಮುಗಿಯಲೆಂದು ನಾವು ಹಾರೈಸುತ್ತೇವೆ.